ರುಚಿ ನೋಡದೆ ಮಾಡಿದ ಅಡಿಗೆ

ಇಂದ್ರಾಬಾಯಿ ಲಂಗ ಉಡುವ ವಯಸ್ಸಿನಿಂದಲೂ ನಾಟಕ ಕಂಪನಿಯಲ್ಲಿ ಹಾಡಿದವಳು. ಕಂಪನಿ ಮುಚ್ಚುವ ಹೊತ್ತಿಗೆ ಅವಳ ಗಂಟಲೂ ಮುಚ್ಚುತ್ತ ಬಂದಿತ್ತು. ಮೇಲಿನ ಷಡ್ಜಕ್ಕೆ ಏರಿದರೆ ಸಾಕು, ಸೀಳಿದ ಬಿದಿರಿನಂತೆ ಸದ್ದು. ಬಾಗಲಕೋಟೆಯ ಕಿಲ್ಲಾ ಓಣಿಯಲ್ಲಿ ಒಂದು ಕೋಣೆ ಹಿಡಿದು ಹೆಣ್ಣುಮಕ್ಕಳಿಗೆ ಹಾರ್ಮೋನಿಯಂ ಕಲಿಸುತ್ತ ಇದ್ದುಬಿಟ್ಟಳು. ಕಲಿಸುವಾಗ ಬೆರಳಿನಿಂದ ಸ್ವರ ತೋರಿಸುತ್ತಿದ್ದಳೇ ಹೊರತು ಬಾಯಿ ತೆರೆಯುತ್ತಿರಲಿಲ್ಲ. ಹಾಡಿ ತೋರಿಸಿರಿ ಎಂದು ಯಾವಳಾದರೂ ಹುಡುಗಿ ಅಂದರೆ, ನೆಗಡಿ ಆಗೇತಿ ಅನ್ನುತ್ತಿದ್ದಳು. ಆ ನೆಗಡಿ ವರ್ಷಗಟ್ಟಲೆ ಹೋಗಲಿಲ್ಲ.

ಎಂಬತ್ತನೆಯ ಇಸವಿಯಲ್ಲಿ ಹುಬ್ಬಳ್ಳಿಯ ಒಂದು ಮಾಸಪತ್ರಿಕೆಯ ಸಂಪಾದಕರು ಅವಳನ್ನು ಹುಡುಕಿಕೊಂಡು ಬಂದರು. ಕಂಪನಿಯ ಕಾಲದಿಂದ ಪರಿಚಯದವರು. "ನಮ್ಮ ಕಡೆ ಕಲಾವಿದರು ಎಲ್ಲೆಲ್ಲಿ ಅದಾರ ಅಂತ ನಿಮಗ ಗೊತ್ತಿದ್ದಂಗ ಮತ್ಯಾರಿಗೂ ಗೊತ್ತಿಲ್ಲ. ಅವರನ್ನ ಮಾತಾಡಿಸಿ ಬರೀರಿ. ಕಲಾ ಹ್ಯಾಂಗ ಬಂತು ಅಂತ ಕೇಳ್ರಿ. ಅದರ ಜೋಡಿ ಏನು ಉಣ್ಣಾಕ ಭಾಳ ಸೇರತೈತಿ ಅಂತನೂ ಕೇಳ್ರಿ. ಓದೋ ಮಂದಿಗೆ ಅದ ಬೇಕು," ಅಂದರು.

ಊಟದ ಮಾತು ಕೇಳುವುದೆಂದರೆ ಅವಳಿಗೆ ಮೊದಮೊದಲು ನಾಚಿಕೆಯಾಯಿತು. ಆಮೇಲೆ ಒಂದು ಗುಟ್ಟು ಗೊತ್ತಾಯಿತು. ಕಲೆಯ ಬಗ್ಗೆ ಕೇಳಿದರೆ ಜನ ಫೋಟೋ ಸ್ಟುಡಿಯೋದಲ್ಲಿ ಕೂತಂತೆ ಸೆಟೆದು ಕೂರುತ್ತಿದ್ದರು. ಊಟದ ಬಗ್ಗೆ ಕೇಳಿದರೆ ಕಾಲು ಚಾಚಿ ಗೋಡೆಗೆ ಒರಗುತ್ತಿದ್ದರು. ಬಾಗಲಕೋಟೆಯ ಕ್ಲಾರಿಯೋನೆಟ್ ವಾದಕರೊಬ್ಬರು ಸಂಗೀತದ ವಿಷಯಕ್ಕೆ "ಎಲ್ಲಾ ದೇವರದು" ಎಂದು ಒಂದೇ ಮಾತಿನಲ್ಲಿ ಮುಗಿಸಿದವರು, ಬದನೆಕಾಯಿ ಎಣಗಾಯಿ ಅಂದಕೂಡಲೇ ಬೆಳಗಿನಿಂದ ಬಿಸಿಲೇರುವ ತನಕ ಮಾತಾಡಿದರು. ಕಾಯಿಯನ್ನು ನಾಲ್ಕು ಸೀಳು ಮಾಡಿದರೂ ತೊಟ್ಟು ಬಿಡಿಸಬಾರದು, ರಾಗವನ್ನೂ ಹಾಗೆಯೇ ಸೀಳಬೇಕು ಎಂದು ಅವರ ಬಾಯಿಂದ ತಾನಾಗಿಯೇ ಬಂತು. ಇಳಕಲ್ಲಿನಲ್ಲಿ ಮಗ್ಗದ ಮೇಲೆ ಕೂತೇ ತತ್ವಪದ ಹಾಡುವ ಒಬ್ಬ ಮುದುಕ, ತನಗೆ ತಂಗಳು ನುಚ್ಚು ಮಜ್ಜಿಗೆ ಬಿಟ್ಟು ಬೇರೆ ಏನೂ ಬೇಡ, ಹೊಟ್ಟೆ ತಣ್ಣಗಿದ್ದರೆ ಪದ ಅವಸರ ಮಾಡುವುದಿಲ್ಲ ಅಂದ. ಇಂದ್ರಾಬಾಯಿಯ ಬರಹಗಳು ಸೊಗಸಾಗಿ ಬಂದವು. ಬಸ್ಸಿನಲ್ಲಿ ಗುರುತು ಹಿಡಿದು ಮಾತಾಡಿಸುವವರೂ ಹುಟ್ಟಿಕೊಂಡರು. ಊಟದ ಪ್ರಶ್ನೆ ಎಲ್ಲಿ ಹೋದರೂ ನಡೆಯುತ್ತದೆ ಎಂಬ ಧೈರ್ಯ ಅವಳಿಗೆ ಬಂದುಬಿಟ್ಟಿತ್ತು.

ಅದೇ ಧೈರ್ಯದ ಮೇಲೆ ಮರುವರ್ಷ ಚಳಿಗಾಲದಲ್ಲಿ ಮಾಯವ್ವನ ಮನೆಗೆ ಹೋದಳು.

ಮಾಯವ್ವ ಬಾದಾಮಿ ಸೀಮೆಯ ಹಾಡುಗಾರ್ತಿ. ಬೀರಪ್ಪನ ಒಕ್ಕಲು, ಕುರಿ ಸಾಕಿದ ಮನೆತನ. ಮದುವೆ ಮನೆಯಲ್ಲಿ ಅರಿಷಿಣ ಹಚ್ಚುವಾಗ ನಿಂತ ನಿಲುವಿನಲ್ಲಿ ಪದ ಕಟ್ಟಿ ಹಾಡುವುದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಬೀಗರ ಹೆಸರು, ಮದುಮಗನ ಮೂಗು, ಬೀಗಿತ್ತಿ ಉಟ್ಟ ಸೀರೆಯ ಅಂಚು, ಕಣ್ಣಿಗೆ ಬಿದ್ದದ್ದೆಲ್ಲ ಪದದಲ್ಲಿ ಬರುತ್ತಿತ್ತು. ಗಂಡ ಹುಲ್ಲಪ್ಪ ಬೀರಪ್ಪನ ಗುಡಿಯ ಡೊಳ್ಳು ಬಾರಿಸುವವನು. ಶಿವಯೋಗ ಮಂದಿರದ ದಾರಿಯಲ್ಲಿ ಬಸ್ಸಿಳಿದು, ಮಲಪ್ರಭೆಯ ದಂಡೆ ಹಿಡಿದು ನಡೆದರೆ ಅವರ ಹಳ್ಳಿ. ಇಂದ್ರಾಬಾಯಿ ಹೋದಾಗ ಹುಲ್ಲಪ್ಪ ಅಂಗಳದಲ್ಲಿ ಕುರಿಮರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದ.

"ಬರ್ರಿ ಬಾಯಾರ. ಹಾಡಿನವ್ರು ಬರ್ತಾರಂತ ಸುದ್ದಿ ಬಂದಿತ್ತು," ಅಂದವನೇ ಕಂಬಳಿ ಹಾಸಿದ.

ಮಾಯವ್ವ ಒಳಗಿನಿಂದ ನೀರಿನ ತಂಬಿಗೆ ತಂದಳು. ಎತ್ತರದ ಹೆಂಗಸು, ಐವತ್ತರ ಆಸುಪಾಸು, ಹಣೆಯಲ್ಲಿ ಅಗಲ ಕುಂಕುಮ. ಹಳೆಯ ಮದುವೆಗಳ ಕಥೆ ಹೇಳಿದಳು. ಕೆರೂರಿನ ಒಬ್ಬ ಬೀಗ ತನ್ನ ಬೋಳುತಲೆಯ ಮೇಲೆ ಕಟ್ಟಿದ ಪದ ಕೇಳಿ ಸಿಟ್ಟಿಗೆದ್ದು ಚಪ್ಪರದಿಂದ ಹೊರಗೆ ಹೋಗಿದ್ದನ್ನೂ, ಆಮೇಲೆ ಅವನೇ ಬಂದು ಮತ್ತೊಮ್ಮೆ ಹಾಡಿಸಿದ್ದನ್ನೂ ನಕ್ಕೊಂಡು ಹೇಳಿದಳು.

"ಪದ ಹ್ಯಾಂಗ ಹುಟ್ಟತಾವ ಮಾಯವ್ವಾ?"

"ಒಲಿ ಮುಂದ ಹುಟ್ತಿದ್ದವು ನೋಡ್ರಿ. ರೊಟ್ಟಿ ಬಡಿಯೂ ಮುಂದ ಕೈಯಾಗ ತಾಳ ಇರತಿತ್ತು. ಪಲ್ಲೆ ರುಚಿ ನೋಡಾಕ ಒಂದು ತುಸು ನಾಲಿಗಿ ಮ್ಯಾಲೆ ಹಾಕ್ಕೊಂಡೆ ಅಂದ್ರ ಅದರ ಬೆನ್ನ ಹಿಂದ ಒಂದು ಮಾತು ಬರತಿತ್ತು."

ಹುಟ್ತಿದ್ದವು, ಬರತಿತ್ತು ಎಂದು ಅವಳು ಮುಗಿದುಹೋದ ಮಾತಿನಂತೆ ಹೇಳಿದ್ದು ಇಂದ್ರಾಬಾಯಿಗೆ ಆಗ ಹೊಳೆಯಲಿಲ್ಲ. ಮಾತು ಚೆನ್ನಾಗಿದೆ, ಬರಹದ ಮೊದಲ ಸಾಲಿಗೆ ಬರುತ್ತದೆ ಎಂದುಕೊಂಡಳು.

"ನಿಮಗ ಏನು ಉಣ್ಣಾಕ ಭಾಳ ಸೇರತೈತಿ?"

"ಪುಂಡಿಪಲ್ಲೆ," ಅಂದಳು ಮಾಯವ್ವ ತಡಮಾಡದೆ. "ಇವತ್ತ ಅದನ್ನ ಮಾಡೇನಿ. ಉಂಡ ಹೋಗಬೇಕು."

ಮೂವರೂ ಉಣ್ಣಲು ಕೂತರು. ತೆಳ್ಳಗೆ ಬಡಿದ ಸಜ್ಜಿ ರೊಟ್ಟಿ, ಎಳ್ಳು ಮೆತ್ತಿದ್ದು. ಮೇಲೆ ಬಳ್ಳೊಳ್ಳಿ ಒಗ್ಗರಣೆಯ, ಹುಳಿಸೊಪ್ಪಿನ ಪುಂಡಿಪಲ್ಲೆ. ಇಂದ್ರಾಬಾಯಿ ಮೊದಲ ತುತ್ತು ಬಾಯಿಗಿಟ್ಟಳು. ಇಟ್ಟವಳಿಗೆ ನುಂಗಲಾಗಲಿಲ್ಲ, ಉಗುಳಲಾಗಲಿಲ್ಲ. ಉಪ್ಪು ಗಂಟಲು ಸುಡುವಷ್ಟಿತ್ತು. ಹೇಗೋ ನೀರು ಕುಡಿದು ನುಂಗಿ ಹುಲ್ಲಪ್ಪನ ಕಡೆ ನೋಡಿದಳು. ಅವನು ತಲೆ ತಗ್ಗಿಸಿ ರೊಟ್ಟಿ ಮುರಿದು ಮುರಿದು ಉಣ್ಣುತ್ತಿದ್ದ. ಮಜ್ಜಿಗೆ ಸುರಿದುಕೊಂಡು ಮತ್ತೆ ಪಲ್ಲೆ ಹಾಕಿಸಿಕೊಂಡ.

ಕಂಪನಿಯ ಊಟದ ಪಂಕ್ತಿಯಲ್ಲಿ ಬೆಳೆದವಳಿಗೆ ಇಂಥದ್ದನ್ನು ನಗೆಯಾಡುವುದು ರೂಢಿ. "ಮಾಯವ್ವಾ, ನಾ ಬಂದ ಗಡಿಬಿಡಿಯಾಗ ಉಪ್ಪು ಎರಡು ಸಲ ಬಿತ್ತು ಕಾಣ್ತೈತಿ," ಅಂದಳು.

ಮಾಯವ್ವನ ಕೈ ನಿಂತಿತು. ತನ್ನ ತಾಟಿನ ಪಲ್ಲೆಯನ್ನು ಬೆರಳಿನಲ್ಲಿ ಹಿಡಿದು ಬಾಯಿಗಿಟ್ಟು ನಿಧಾನ ಅಗಿದಳು, ಎಲ್ಲೋ ದೂರದ ದನಿ ಆಲಿಸುವವಳ ಹಾಗೆ. ಆಮೇಲೆ ಗಂಡನ ಮುಖ ನೋಡಿದಳು.

"ಖರೆ ಏನು?"

ಹುಲ್ಲಪ್ಪ ಮುರಿದ ರೊಟ್ಟಿಯನ್ನು ಮತ್ತೆ ತಾಟಿಗಿಟ್ಟ.

"ನಿಮಗ ಗೊತ್ತಿತ್ತು."

"ಹ್ಞೂಂ."

"ಎಂದಿನಿಂದ?"

"ಜ್ವರ ಬಿಟ್ಟು ಎದ್ದು ಒಲಿ ಹಚ್ಚಿದೆಲ್ಲ, ಅವತ್ತಿನಿಂದ."

ಮಾಯವ್ವ ಎದ್ದಳು. ಪಲ್ಲೆಯ ಗಡಿಗೆ ಎತ್ತಿಕೊಂಡು ಹಿತ್ತಲಿಗೆ ಹೋದಳು. ಅದನ್ನು ತಿಪ್ಪೆಗೆ ಸುರಿದದ್ದು ಒಳಗೆ ಕೇಳಿಸಿತು. ಮತ್ತೆ ಅವಳು ಒಳಗೆ ಬರಲಿಲ್ಲ. ಇಂದ್ರಾಬಾಯಿ ಕೈ ತೊಳೆದು ಹಿತ್ತಲ ಬಾಗಿಲಿಗೆ ಹೋಗಿ, "ಮಾಯವ್ವಾ, ನಂದು ತಪ್ಪಾತು," ಅಂದಳು. ಮಾಯವ್ವ ತಿರುಗಲೇ ಇಲ್ಲ. "ನಿಮ್ಮದೇನು ತಪ್ಪು? ಹೋಗಿ ಬರ್ರಿ. ಬಸ್ಸು ತಪ್ಪತೈತಿ," ಅಂದಳು.

ರಸ್ತೆಯ ತನಕ ಹುಲ್ಲಪ್ಪ ಬಂದ. ಹೊಳೆ ದಂಡೆಯಲ್ಲಿ ನಡೆಯುತ್ತ ಎಲ್ಲ ಹೇಳಿದ. ಹೋದ ಬೇಸಿಗೆಯಲ್ಲಿ ಮಾಯವ್ವನಿಗೆ ವಿಷಮಜ್ವರ ಬಂದಿತ್ತು. ಬದುಕಿದ್ದೇ ದೊಡ್ಡದು. ಎದ್ದ ಮೇಲೆ ನಾಲಿಗೆಗೆ ರುಚಿಯಿಲ್ಲ. ಅವಳು ಅದನ್ನು ಯಾರಿಗೂ ಹೇಳಲಿಲ್ಲ. ಇವನು ತನಗೆ ತಿಳಿದದ್ದನ್ನು ತೋರಗೊಡಲಿಲ್ಲ. ಬಾದಾಮಿಯ ದವಾಖಾನೆಗೆ ತಾನೊಬ್ಬನೇ ಹೋಗಿ ಡಾಕ್ಟರನ್ನು ಕೇಳಿದ್ದ. ಬಂದರೆ ಬರಬಹುದು, ಬರದೆಯೂ ಇರಬಹುದು ಅಂದಿದ್ದರಂತೆ.

"ಆವಾಗಿನಿಂದ ಅಕಿ ಒಂದ ಹೊಸಾ ಪದ ಕಟ್ಟಿಲ್ರಿ. ಮದಿವಿಗೆ ಕರದ್ರ ಹಳೇವ ಹಾಡಿ ಬರ್ತಾಳ. ಬರೂ ವೈಶಾಖದಾಗ ನನ್ನ ತಂಗಿ ಮಗಳ ಮದಿವಿ ಹುನಗುಂದದಾಗ. ಅತ್ತಿ ಹೊಸಾ ಪದ ಕಟ್ಟತಾಳಂತ ಆ ಹುಡುಗಿ ಊರ ತುಂಬ ಹೇಳಿಕೊಂಡಾಳ."

"ನೀವು ಉಪ್ಪಿಂದು ಹೇಳಬೇಕಾಗಿತ್ತಲ್ಲ ಯಣ್ಣಾ."

ಹುಲ್ಲಪ್ಪ ದಾರಿಯಲ್ಲಿ ಬಿದ್ದ ಮುಳ್ಳುಕಡ್ಡಿಯನ್ನು ಕಾಲಿನಿಂದ ಬದಿಗೆ ಸರಿಸಿದ. "ಹ್ಯಾಂಗ ಹೇಳಲ್ರಿ? ಪದ ಹೋಗಿದ್ದವು. ಅಡಿಗಿನೂ ಹೋತು ಅಂತ ನಾನ ಅಂದ್ರ ಅಕಿಗೆ ಏನು ಉಳೀತಿತ್ತು?" ಅಂದ. ಬಸ್ಸು ಬಂತು. "ನೀವು ಅಂದದ್ದು ಚಲೋ ಆತೋ ಕೆಟ್ಟದ್ದಾತೋ ನನಗೂ ತಿಳಿಯವಲ್ದು," ಎಂದು ಕೈ ಮುಗಿದ.

ಇಂದ್ರಾಬಾಯಿ ಆ ತಿಂಗಳು ಮಾಯವ್ವನ ಬಗ್ಗೆ ಬರೆಯಲಿಲ್ಲ. ಒಲೆ ಮುಂದೆ ಪದ ಹುಟ್ಟುವ ಮಾತಿನಿಂದ ಶುರು ಮಾಡಿ ಪುಂಡಿಪಲ್ಲೆಯಲ್ಲಿ ಮುಗಿಸಿದರೆ ಸಂಪಾದಕರು ಮೆಚ್ಚುತ್ತಿದ್ದರು. ಕೂತಳು ಕೂಡ. ಎರಡು ಸಾಲು ಆಗುವಷ್ಟರಲ್ಲಿ ತಿಪ್ಪೆಗೆ ಪಲ್ಲೆ ಸುರಿದ ಸದ್ದು ನೆನಪಾಗಿ ಕಾಗದ ಮಡಚಿಟ್ಟಳು. ಹೋದದ್ದನ್ನು ಬಚ್ಚಿಟ್ಟುಕೊಂಡು ಬದುಕುವುದು ಎಂಥದ್ದೆಂದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. ತನ್ನ ನೆಗಡಿಯ ಸುಳ್ಳನ್ನು ಯಾರಾದರೂ ಪಂಕ್ತಿಯಲ್ಲಿ ನಗುತ್ತ ಬಯಲು ಮಾಡಿದ್ದರೆ ಏನಾಗುತ್ತಿತ್ತು?

ಬರಹವೊಂದು ಕೊಡಲೇಬೇಕಿತ್ತು. ಗುಳೇದಗುಡ್ಡಕ್ಕೆ ಹೋಗಿ ಪೇಂಟರ್ ಖಾದರಬಾಷಾನನ್ನು ಮಾತಾಡಿಸೋಣವೆಂದು ಹೊರಟಳು. ಖಾದರಬಾಷಾ ಅವಳ ಕಂಪನಿಗೆ ಪರದೆ ಬರೆದುಕೊಟ್ಟವನು. ಅರಮನೆಯ ಪರದೆ, ಬೀದಿಯ ಪರದೆ, ಕಾಡಿನ ಪರದೆ. ಈಗ ಕಂಪನಿಗಳು ಇಲ್ಲದ್ದಕ್ಕೆ ಟಾಕೀಸಿನ ಬೋರ್ಡು, ಲಾರಿಯ ಹಿಂದಿನ ನವಿಲು ಬರೆಯುತ್ತಿದ್ದ. ಖಣ ನೇಯುವ ಮಗ್ಗಗಳ ಸದ್ದಿನ ಓಣಿಯಲ್ಲಿ ಅವನ ಮನೆ. ಹೆಂಡತಿ ಕಾಸಿಂಬಿ ನೆರೆಮನೆಯ ಮಗ್ಗಕ್ಕೆ ನೂಲು ಸುತ್ತಿಕೊಡುತ್ತ ಪಡಸಾಲೆಯಲ್ಲಿ ಕೂತಿದ್ದಳು.

"ಖಾದರಭಾಯಿ, ನಿಮ್ಮ ಕಾಡಿನ ಪರದೆ ಮುಂದ ನಿಂತು ನಾ ಎಷ್ಟ ಸಲ ಅತ್ತೇನಿ, ಹಾಡೇನಿ. ಅಂಥಾ ಕಾಡು ಎಲ್ಲಿ ನೋಡಿದ್ರಿ?"

"ನಾ ಎಲ್ಲಿ ಕಾಡು ನೋಡಬೇಕ್ರಿ? ಈ ಗುಡ್ಡದಾಗ ಕಲ್ಲು, ಕಳ್ಳಿ ಬಿಟ್ಟರ ಏನೈತಿ? ಕೊತಂಬ್ರಿ ಸಿವುಡು ಮುಂದ ಇಟ್ಕೊಂಡು ಬರದೇನಿ. ದೀಪದ ಬೆಳಕಿಗೆ ಹಿಡದ್ರ ಒಂದೊಂದು ಕಡ್ಡಿ ಒಂದೊಂದು ಮರ."

"ಸಂತ್ಯಾಗಿಂದ ನಾ ತಂದ ಕೊತಂಬ್ರಿ," ಅಂದಳು ಕಾಸಿಂಬಿ, ನೂಲಿನಿಂದ ಕಣ್ಣು ತೆಗೆಯದೆ. "ಅವರ ಕಾಡು ಮುಗಿಯೂತನಕ ನಮ್ಮ ಸಾರಿಗೆ ಕೊತಂಬ್ರಿ ಇಲ್ಲ. ಬಾಡಿದ ಮ್ಯಾಲೆ ಕೊಡ್ತಿದ್ರು."

ಇಂದ್ರಾಬಾಯಿ ಬಹಳ ದಿನದ ಮೇಲೆ ಮನಸಾರೆ ನಕ್ಕಳು. ಆ ಕೊತ್ತಂಬರಿ ಕಾಡಿನಲ್ಲಿ ತಾನು ದಮಯಂತಿಯಾಗಿ ಅಲೆದದ್ದು ಕಣ್ಣಿಗೆ ಕಟ್ಟಿತು. ಆಮೇಲೆ ಊಟದ ಪ್ರಶ್ನೆ ಕೇಳಿದಳು, ಈಗ ಸ್ವಲ್ಪ ಅಳುಕಿನಿಂದ.

"ಕಾಸಿಂಬಿ ರೋಜಾದಾಗ ಮಾಡೂ ಗಂಜಿ," ಅಂದ ಖಾದರಬಾಷಾ. "ಅದೊಂದ ನೋಡ್ರಿ. ಬ್ಯಾರೆ ತಿಂಗಳದಾಗ ಮಾಡಿದ್ರ ಆ ರುಚಿ ಬರಂಗಿಲ್ಲ. ದಿನಾ ಪೂರ್ತಿ ಉಪಾಸ ಇದ್ದದ್ದಕ್ಕ ಇರಬೇಕು."

"ಉಪಾಸಕ್ಕಲ್ಲ," ಅಂದಳು ಕಾಸಿಂಬಿ. "ರೋಜಾದಾಗ ನಾ ರುಚಿ ನೋಡಂಗಿಲ್ಲ. ನಾಲಿಗಿ ತುದಿಗೆ ಹಚ್ಚಿ ಉಗುಳೋರು ಅದಾರ. ನಮ್ಮ ಅತ್ತಿ ಅದಕ್ಕೂ ಬಿಡ್ತಿರಲಿಲ್ಲ. ರುಚಿ ನೋಡಾಕ ಆಗಂಗಿಲ್ಲ ಅಂದ್ರ ಮೈಯೆಲ್ಲಾ ಎಚ್ಚರ ಇರತೈತಿ, ಬಾಯಾರ. ಮಸಾಲಿ ಹುರಿಯೂ ಮುಂದ ಕಿವಿ ಕೊಟ್ಟು ಕೇಳ್ತೇನಿ. ಉಪ್ಪು ಹಾಕೂ ಮುಂದ ಬೆರಳಿನ ಮ್ಯಾಲೆ ಜೀವ ಇಟ್ಟಿರ್ತೇನಿ. ಉಳದ ತಿಂಗಳು ನಾಲಿಗಿ ಐತೆಲ್ಲ ಅಂತ ಕೈ ಸಡ್ಲ ಬಿಡ್ತೇನಿ. ಅದಕ್ಕ ರುಚಿ ಕಡಿಮಿ."

ಇಂದ್ರಾಬಾಯಿ ಬರೆದುಕೊಳ್ಳುತ್ತಿದ್ದ ಪುಸ್ತಕ ಮುಚ್ಚಿದಳು. ಆಮೇಲೆ ಮಾಯವ್ವನ ಮನೆಯಲ್ಲಿ ನಡೆದದ್ದನ್ನು, ತಾನು ಅಂದ ಮಾತನ್ನೂ ಬಿಡದೆ, ಗಂಡಹೆಂಡತಿ ಇಬ್ಬರ ಮುಂದೆಯೂ ಹೇಳಿದಳು. ಕೇಳಿ ಮುಗಿಸಿದ ಕಾಸಿಂಬಿ ನೂಲಿನ ರಾಟಿ ಬದಿಗಿಟ್ಟಳು.

"ನಾಳೆ ಬೆಳಿಗ್ಗೆ ಬಾದಾಮಿ ಬಸ್ಸಿಗೆ ಹೋಗೂಣು?"

"ನೀವೂ ಬರ್ತೀರೇನು ಭಾಬಿ?"

"ಮತ್ತ? ನೀವೊಬ್ರ ಹೋಗಿ ಏನ ಮಾಡ್ತೀರಿ? ನಿಮಗ ಒಗ್ಗರಣಿ ಹಾಕಾಕ ಬರತೈತೇನು?"

ಬರುತ್ತಿರಲಿಲ್ಲ. ಇಂದ್ರಾಬಾಯಿ ಸಣ್ಣವಳಿದ್ದಾಗಿನಿಂದ ಕಂಪನಿಯ ಅಡಿಗೆಮನೆಯಲ್ಲಿ ಉಂಡವಳು. ಈಗಲೂ ಖಾನಾವಳಿಯ ಊಟ.

"ನನ್ನ ಕಲಾದ ಬಗ್ಗೆ ಇನ್ನೂ ಹೇಳೂದು ಐತಿ," ಅಂದ ಖಾದರಬಾಷಾ. ಇಬ್ಬರೂ ಅವನ ಮಾತು ಕೇಳಿಸಿಕೊಳ್ಳಲಿಲ್ಲ.

ಮರುದಿನ ಅವರು ಹೋದಾಗ ಹುಲ್ಲಪ್ಪ ಒಲೆಯ ಮುಂದಿದ್ದ. ಅವನು ಬಡಿದ ರೊಟ್ಟಿ ಕಂಬಳಿಯಷ್ಟು ದಪ್ಪವಾಗಿ ಅಂಚು ಸುಟ್ಟಿತ್ತು. ಉಪ್ಪಿನ ಮಾತು ಬಂದ ದಿನದಿಂದ ಮಾಯವ್ವ ಅಡಿಗೆ ಬಿಟ್ಟಿದ್ದಳು. ಗಂಡನ ಜೊತೆ ಮಾತು ಬಿಟ್ಟಿರಲಿಲ್ಲ, ಬೇಕಾದಷ್ಟೇ ಆಡುತ್ತಿದ್ದಳು. ಇಂದ್ರಾಬಾಯಿಯನ್ನು ಕಂಡು, "ಬರ್ರಿ, ಉಪ್ಪಿನ ಬಾಯಾರ," ಅಂದಳು. ದನಿಯಲ್ಲಿ ಸಿಟ್ಟೂ ಇತ್ತು, ಹಾಸ್ಯವೂ ಇತ್ತು. ಯಾವುದು ಹೆಚ್ಚೆಂದು ತಿಳಿಯುವಂತಿರಲಿಲ್ಲ.

ಕಾಸಿಂಬಿ ಹೆಚ್ಚು ಮಾತಾಡಲಿಲ್ಲ. ನೀರು ಕುಡಿದಳು. ಹುಲ್ಲಪ್ಪನ ರೊಟ್ಟಿ ನೋಡಿದಳು. "ಯಣ್ಣಾ, ನೀವು ಕುರಿ ಕಡೆ ಹೋಗ್ರಿ," ಎಂದು ಅವನನ್ನು ಎಬ್ಬಿಸಿ ತಾನು ಒಲೆಯ ಮುಂದೆ ಕೂತಳು. ಗೊತ್ತಿಲ್ಲದ ಹೆಂಗಸು ತನ್ನ ಒಲೆಯ ಮುಂದೆ ಕೂತಿದ್ದನ್ನು ನೋಡಿ ಮಾಯವ್ವನಿಗೆ ತಡೆಯಲಾಗಲಿಲ್ಲ. ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಳು. ಕಾಸಿಂಬಿ ರೋಜಾದ ಅಡಿಗೆಯ ವಿಷಯ ಹೇಳತೊಡಗಿದಳು. ಬಳ್ಳೊಳ್ಳಿ ಕೆಂಪಾಗುವಾಗ ಬರುವ ವಾಸನೆಯನ್ನು ಹೇಗೆ ಹಿಡಿಯಬೇಕು ಎಂಬಲ್ಲಿಗೆ ಬಂದಾಗ ಮಾಯವ್ವ ತಡೆದಳು.

"ನನಗ ವಾಸನಿನೂ ಇಲ್ಲ ಯಕ್ಕಾ."

"ವಾಸನಿನೂ ಇಲ್ಲೇನು?"

ಕಾಸಿಂಬಿ ಕೈಯಲ್ಲಿದ್ದ ಬಳ್ಳೊಳ್ಳಿ ಕೆಳಗಿಟ್ಟಳು. ಅವಳ ಅರ್ಧ ವಿದ್ಯೆ ಅಲ್ಲಿಗೇ ನಿಂತಿತು. ಕಾಸಿಂಬಿಯನ್ನು ಇಷ್ಟು ದೂರ ಕರೆತಂದು ಮಾಯವ್ವನನ್ನು ಮತ್ತೆ ನೋಯಿಸಿದಂತಾಯಿತೇ ಎಂದು ಇಂದ್ರಾಬಾಯಿ ಅಂದುಕೊಂಡಳು. ಒಲೆಯ ಉರಿ ಚಿಟಚಿಟ ಅನ್ನುತ್ತಿತ್ತು. ಕಾಸಿಂಬಿ ಅದನ್ನೇ ನೋಡುತ್ತಿದ್ದು, "ಹಂಗಾರ ಕಿವಿ ಅಷ್ಟ ಉಳೀತು. ಕೈ ಉಳೀತು. ಎಣ್ಣಿ ಇಡು," ಅಂದಳು.

ಎಣ್ಣೆ ಕಾಯಿತು. ಸಾಸಿವೆ ಸಿಡಿಯಿತು. ಜೀರಿಗೆ ಬೀಳುತ್ತಲೇ ಸಣ್ಣಗೆ ಸುಂಯ್ ಅಂದಿತು. ಉಳ್ಳಾಗಡ್ಡಿ ಹಾಕಿದಾಗ ಮೊದಲು ದೊಡ್ಡ ಗದ್ದಲ, ಅದರ ನೀರು ಆರುತ್ತ ಬಂದಂತೆ ಗದ್ದಲ ಇಳಿದು ಪಿಸುಮಾತು. "ಈಗ," ಅಂದಳು ಕಾಸಿಂಬಿ. ಮಾಯವ್ವ ತಲೆ ಅಲ್ಲಾಡಿಸಿದಳು. "ಇನ್ನೂ ಇಲ್ಲ. ಇನ್ನೂ ಒಂದು ಸದ್ದು ಐತಿ." ಇಬ್ಬರೂ ಕಾದರು. ಆ ಸದ್ದು ಇಂದ್ರಾಬಾಯಿಗೂ ಕೇಳಿಸಿತು, ತಂಬೂರಿಯ ತಂತಿ ಮೀಟಿ ಬಿಟ್ಟ ಮೇಲೆ ಉಳಿಯುವಂಥದ್ದು. ಮಾಯವ್ವ ಪುಂಡಿಸೊಪ್ಪು ಹಾಕಿದಳು.

ಉಪ್ಪಿನ ಹೊತ್ತು ಬಂದಾಗ ಮಾತ್ರ ಅವಳು ಹಿಡಿದ ಚಿಟಿಕೆಯನ್ನು ಮತ್ತೆ ಗಡಿಗೆಗೇ ಬಿಟ್ಟಳು.

"ಅಳತಿ ಬೆರಳಿಗೆ ಗೊತ್ತೈತಿ," ಅಂದಳು. "ಇಷ್ಟು ವರ್ಷ ಹಾಕಿದ ಬೆರಳು. ಆದ್ರ ಹಾಕಿದ ಮ್ಯಾಲೆ ರುಚಿ ನೋಡಿದ್ರ ಬಾಯಿ ಖಾಲಿ. ಹಾಕಿದೆನೋ ಇಲ್ಲೋ ಅನಿಸತೈತಿ. ಮತ್ತ ಹಾಕ್ತೇನಿ. ಪದಾನೂ ಹಿಂಗ ಆಗ್ಯಾವ ಯಕ್ಕಾ. ಮಾತು ಬರೂದೇನು ನಿಂತಿಲ್ಲ. ಬಂದದ್ದು ಚಲೋ ಐತೋ, ಸಪ್ಪನ ಐತೋ ತಿಳಿಯವಲ್ದು. ಮದಲ ಬಾಯಾಗ ಹಾಕ್ಕೊಂಡ್ರ ತಿಳೀತಿತ್ತು. ಈಗ ತಿದ್ದಿ ತಿದ್ದಿ ಕೆಡಸ್ತೇನಿ, ಬಿಡ್ತೇನಿ."

ಅವಳು ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿ ಮುಗಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು. ಹೊಗೆಗೋ, ಅಳುವಿಗೋ.

"ಒಮ್ಮೆ ಹಾಕು," ಅಂದಳು ಕಾಸಿಂಬಿ. "ಹಾಕಿ ಕೈ ತೊಳಕೋ. ಮತ್ತ ಉಪ್ಪಿನ ಗಡಿಗಿ ಕಡೆ ನೋಡಬ್ಯಾಡ. ಸರಿ ಐತೋ ಇಲ್ಲೋ ಉಣ್ಣೋರು ಹೇಳ್ತಾರ."

"ಉಣ್ಣೋರು ಹೇಳಲಿಲ್ಲಲ್ಲ," ಅಂದಳು ಮಾಯವ್ವ.

ಹುಲ್ಲಪ್ಪ ಊಟಕ್ಕೆ ಬಂದ. ಮೂವರು ಹೆಂಗಸರೂ ತಮ್ಮ ಊಟ ಬಿಟ್ಟು ಅವನ ಬಾಯಿಯನ್ನೇ ನೋಡುತ್ತ ಕೂತರು. ಅವನು ತುತ್ತು ನುಂಗಿ ಹೆಂಡತಿಯ ಮುಖ ನೋಡಿದ, ಕಾಸಿಂಬಿಯ ಮುಖ ನೋಡಿದ, ಮತ್ತೆ ತಾಟು ನೋಡಿದ.

"ಖರೆ ಹೇಳ್ರಿ," ಅಂದಳು ಮಾಯವ್ವ.

"ಉಪ್ಪು ಕಡಿಮಿ ಆಗೇತಿ," ಅಂದ ಹುಲ್ಲಪ್ಪ.

ಮಾಯವ್ವ ಮೊದಲು ನಕ್ಕಳು. ಹೊಟ್ಟೆ ಹಿಡಿದುಕೊಂಡು, ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಇಷ್ಟು ದಿನ ಬಾಯಿ ಸುಟ್ಟರೂ ಸುಮ್ಮನ ಉಂಡ್ರು. ಇವತ್ತ ಖರೆ ಹೇಳಾಕ ಹೇಳಿದ್ರ ಕಡಿಮಿ ಅಂತಾರ!" ಹುಲ್ಲಪ್ಪನೂ ನಕ್ಕ, ನಗುವಾಗ ಅವನ ಕಣ್ಣು ಒದ್ದೆಯಾದದ್ದು ಇಂದ್ರಾಬಾಯಿಗೆ ಕಾಣಿಸಿತು. ಅವನು ಎಡಗೈಯಿಂದ ಉಪ್ಪಿನ ಗಡಿಗೆ ಎಳೆದುಕೊಂಡು ತಾನೇ ಒಂದು ಚಿಟಿಕೆ ಹಾಕಿಕೊಂಡ.

ಹೊರಡುವಾಗ ಮಾಯವ್ವ ಇಂದ್ರಾಬಾಯಿಯನ್ನು ಬಾಗಿಲಲ್ಲಿ ನಿಲ್ಲಿಸಿದಳು.

"ನೀವು ಕಂಪನ್ಯಾಗ ಹಾಡ್ತಿದ್ರಂತ. ಈಗ್ಯಾಕ ಇಲ್ಲ?"

ನೆಗಡಿಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ಇಂದ್ರಾಬಾಯಿ ಅದನ್ನು ನುಂಗಿದಳು. "ದನಿ ಹೋತು ಮಾಯವ್ವಾ."

"ಪೂರಾ ಹೋತೋ, ಮ್ಯಾಲಿಂದು ಅಷ್ಟ ಹೋತೋ?"

ಹಾಗೆ ಯಾರೂ ಕೇಳಿರಲಿಲ್ಲ. ಅವಳೂ ಕೇಳಿಕೊಂಡಿರಲಿಲ್ಲ. "ಮ್ಯಾಲಿಂದು," ಅಂದಳು.

"ಹಂಗಾರ ಕೆಳಗಿಂದು ಐತಿ. ಹುನಗುಂದಕ್ಕ ಬರ್ರಿ. ನಾ ಹಾಡ್ತೇನಿ, ನೀವು ಹಿಂದ ಎತ್ತಿಕೊಳ್ರಿ. ಕೆಟ್ಟರ ಇಬ್ರುದೂ ಕೂಡೇ ಕೆಡಲಿ."

ವೈಶಾಖ ಬಂತು. ಹುನಗುಂದದ ಮದುವೆಯ ಮನೆಯಲ್ಲಿ ಬೆಳಗಿನ ಬಿಸಿಲು ಚಪ್ಪರದ ಗರಿಗಳ ಸಂದಿನಿಂದ ಅಂಗಳಕ್ಕೆ ಬೀಳುತ್ತಿತ್ತು. ಇಳಕಲ್ಲ ಸೀರೆ ಉಟ್ಟ ಮದುಮಗಳನ್ನು ಮಣೆಯ ಮೇಲೆ ಕೂರಿಸಿ ಹೆಂಗಸರು ಅರಿಷಿಣ ಹಚ್ಚಲು ಸುತ್ತುವರಿದಿದ್ದರು. ಗಂಡಸರು ಹೊರಗೆ ಕಟ್ಟೆಯ ಮೇಲೆ. ಹುಲ್ಲಪ್ಪ ಅಲ್ಲಿ ಡೊಳ್ಳಿನ ಹಗ್ಗ ಬಿಗಿಯುತ್ತ ಕೂತಿದ್ದ. ಬಿಗಿದದ್ದನ್ನೇ ಮತ್ತೆ ಬಿಗಿಯುತ್ತಿದ್ದ. ಇಂದ್ರಾಬಾಯಿ ಮಾಯವ್ವನ ಪಕ್ಕ ನಿಂತಿದ್ದಳು. ಸಾವಿರ ಜನದ ಮುಂದೆ ಹೆದರದವಳು ಈಗ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದಳು. ಯಾವ ಪದ ಹಾಡುತ್ತಾಳೆಂದು ಮಾಯವ್ವ ಅವಳಿಗೂ ಹೇಳಿರಲಿಲ್ಲ. ಹಳೆಯ ಎರಡು ಪದ ಆದವು. ಹೊಸದು, ಹೊಸದು ಎಂದು ಹುಡುಗಿಯರು ಕೂಗಿದರು. ಮಾಯವ್ವ ಕಣ್ಣು ಮುಚ್ಚಿದಳು. ಆಮೇಲೆ ಎತ್ತಿದಳು:

ಉಪ್ಪು ಹೆಚ್ಚಾದರೂ ತಪ್ಪಂತ ಅನಲಿಲ್ಲ
ತಪ್ಪಲ ಪಲ್ಲೆ ಬಳದುಂಡ | ಹಡದವ್ವ
ಇಪ್ಪತ್ತು ತುತ್ತು ಸುಳ್ಳುಂಡ

ಹೆಂಗಸರಿಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. ಆಮೇಲೆ ನಗು ಚಪ್ಪರ ಹಾರುವಂತೆ ಎದ್ದಿತು. ಇಂದ್ರಾಬಾಯಿ ಸಾಲನ್ನು ಕೆಳಗಿನ ಸ್ವರದಲ್ಲಿ ಎತ್ತಿಕೊಂಡಳು. ದನಿ ದಪ್ಪಗೆ, ಒರಟಾಗಿ ಬಂತು, ಒಡೆಯಲಿಲ್ಲ. ಮಾಯವ್ವನ ಏರುದನಿಯ ಕೆಳಗೆ ಅದು ನೆಲದಂತೆ ಹಾಸಿಕೊಂಡಿತು. ಮಾಯವ್ವ ಒಮ್ಮೆ ತಿರುಗಿ ನೋಡಿ, ಮದುಮಗಳ ಗದ್ದ ಹಿಡಿದು ಮುಂದಿನದನ್ನು ಹಾಡಿದಳು:

ಸುಮ್ಮನ ಉಂಡೇಳೂ ಗುಮ್ಮಪ್ಪ ಬ್ಯಾಡವ್ವ
ಒಮ್ಮ್ಯಾರ ಬಾಯಿ ಬಿಡಲವ್ವ | ಬಿಡದಿದ್ರ
ನಿಮ್ಮತ್ತಿ ಮುಂದ ದೂರ್ಹೇಳ

ಹೊರಗೆ ಕಟ್ಟೆಯ ಮೇಲೆ ಯಾರೋ ಹುಲ್ಲಪ್ಪನ ಬೆನ್ನಿಗೆ ಗುದ್ದಿದರು. ಅವನು ತಲೆ ಎತ್ತಲಿಲ್ಲ. ಡೊಳ್ಳಿನ ಮೇಲೆ ಒಂದೇ ಒಂದು ಪೆಟ್ಟು ಹಾಕಿದ. ಆ ಪೆಟ್ಟು ಸರಿಯಾಗಿ ಪದದ ತಾಳಕ್ಕೆ ಬಿತ್ತು.

"ಇದು ಚಲೋ ಐತೇನ್ರಿ?" ಎಂದು ಮಾಯವ್ವ ಹಾಡು ನಿಲ್ಲಿಸಿ ಇಂದ್ರಾಬಾಯಿಯ ಕಿವಿಯಲ್ಲಿ ಕೇಳಿದಳು. ನಿಜವಾಗಿಯೂ ಕೇಳಿದ್ದಳು, ಅವಳ ಮುಖದಲ್ಲಿ ನಗುವಿರಲಿಲ್ಲ.

"ಮದಲನೇದು ಭಾಳ ಚಲೋ ಐತಿ. ಎರಡನೇದರಾಗ ಕಡೀ ಸಾಲು ತುಸು ಅವಸರ ಆತು," ಅಂದಳು ಇಂದ್ರಾಬಾಯಿ.

ಮಾಯವ್ವ ತಲೆ ಆಡಿಸಿದಳು. ಕೈ ತೊಳೆದುಕೊಂಡ ಹಾಗೆ ಎರಡೂ ಅಂಗೈ ಒರೆಸಿಕೊಂಡು ಮೊದಲನೆಯದನ್ನೇ ಮತ್ತೆ ಎತ್ತಿದಳು.

ಊಟದ ಪಂಕ್ತಿಯಲ್ಲಿ ಇಬ್ಬರೂ ಜೊತೆಗೆ ಕೂತರು. ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ. ಮಾಯವ್ವ ಹೋಳಿಗೆ ಮುರಿದು ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು. "ಹ್ಯಾಂಗೈತಿ ಹೇಳ್ರಿ."

"ಸೀ ಐತಿ."

"ಹೋಳಗಿ ಸೀ ಅಂತ ನನಗೂ ಗೊತ್ತೈತಿ. ಹ್ಯಾಂಗ ಸೀ?"

ಇಂದ್ರಾಬಾಯಿ ಬಾಯಲ್ಲಿದ್ದುದನ್ನು ಅಗಿಯುವುದು ನಿಲ್ಲಿಸಿದಳು. ಊರೂರು ತಿರುಗಿ ಊಟದ ವಿಷಯ ಬರೆದವಳಿಗೆ ಈ ಒಂದು ತುತ್ತು ಹೇಗಿದೆಯೆಂದು ಹೇಳಲು ಮಾತು ಸಿಗಲಿಲ್ಲ. ಮತ್ತೊಂದು ತುಂಡು ಮುರಿದು ಬಾಯಿಗಿಟ್ಟು ಕಾದಳು. "ಬೆಲ್ಲ ಮದಲಿಗೆ ಬರಂಗಿಲ್ಲ," ಅಂದಳು ನಿಧಾನಕ್ಕೆ. "ಮದಲ ತುಪ್ಪ ಬರತೈತಿ, ಬಾಗಿಲು ತಗದಂಗ. ಆಮ್ಯಾಲೆ ಬ್ಯಾಳಿ, ತುಸು ಮಣ್ಣಮಣ್ಣ. ಬೆಲ್ಲ ಅದರ ತಳದಾಗ, ಕೆಳಗಿನ ಖರ್ಜದ ಸ್ವರದಂಗ ಕುಂತೈತಿ, ಸಾವಕಾಶ ಏಳತೈತಿ. ಎಲ್ಲಾ ನುಂಗಿದ ಮ್ಯಾಲೆ ಯಾಲಕ್ಕಿ ಒಂದ ಅಷ್ಟ ಹಿಂದ ಉಳೀತೈತಿ."

ಮಾಯವ್ವ ಕಣ್ಣು ಮುಚ್ಚಿ, ಅವಳ ಮಾತಿನ ಜೊತೆಜೊತೆಗೇ ಅಗಿಯುತ್ತಿದ್ದಳು. "ಹ್ಞೂಂ," ಅಂದಳು. "ಇನ್ನ ಬದನಿಕಾಯಿ."

ಮಾಯವ್ವನ ಒಪ್ಪಿಗೆಯಿಂದಲೇ ಅವಳ ಬಗ್ಗೆ ಇಂದ್ರಾಬಾಯಿ ಮಡಚಿಟ್ಟಿದ್ದ ಬರಹ ಪೂರ್ತಿಯಾಗಿ ಅಚ್ಚಾಯಿತು. ಉಪ್ಪು ಹೆಚ್ಚಾಗಿತ್ತು ಅಂತನೂ ಬರೀರಿ ಎಂದು ಅವಳೇ ಹೇಳಿದ್ದಳು. ಅದಕ್ಕೂ ಮುಂಚಿನ ಸಂಚಿಕೆಯೊಂದರಲ್ಲಿ ತನ್ನ ಕಾಡಿಗೆ ನಾಲ್ಕು ಸಾಲು, ಹೆಂಡತಿಯ ಗಂಜಿಗೆ ಒಂದಿಡೀ ಪುಟ ಬಂದದ್ದಕ್ಕೆ ಖಾದರಬಾಷಾ ಬಹಳ ದಿನ ಮುನಿಸಿಕೊಂಡಿದ್ದ. ಕಿಲ್ಲಾದ ಕೋಣೆಯಲ್ಲಿ ಇಂದ್ರಾಬಾಯಿ ಹುಡುಗಿಯರಿಗೆ ಕೆಳಗಿನ ಸ್ವರಗಳನ್ನು ಹಾಡಿಯೇ ಕಲಿಸತೊಡಗಿದಳು. ಮೇಲಿನವನ್ನು ಮೊದಲಿನಂತೆ ಬೆರಳಿನಿಂದ ತೋರಿಸುತ್ತಿದ್ದಳು. ಮಾಯವ್ವನ ನಾಲಿಗೆಗೆ ಆ ಮಳೆಗಾಲದಲ್ಲಿ ಹುಳಿ ಒಂದು ತಿರುಗಿ ಬಂತು. ಉಳಿದ ಯಾವ ರುಚಿಯೂ ಬರಲಿಲ್ಲ. ಮದುವೆಯ ಊಟಗಳಲ್ಲಿ ಅವಳ ಪಕ್ಕ ಕೂರಲು ಹೆಂಗಸರು ಜಗಳಾಡುತ್ತಿದ್ದರು. ಮಾಯವ್ವ ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಏನು ಹೇಗಿದೆ ಎಂದು ಕೇಳುತ್ತ ಉಣ್ಣುವಳು. ಬರೀ ಚಲೋ ಐತಿ ಅಂದವರನ್ನು ಎಬ್ಬಿಸಿ, ಅತ್ತ ಕಡೆಯ ಪಂಕ್ತಿಗೆ ಕಳಿಸುವಳು.